ಚೌಕಾಬಾರದಿಂದ ಡಬ್ಬಿಯವರೆಗೆ: ಹೊಸ ಬೋರ್ಡ್ ಗೇಮ್ ಕಟ್ಟುವವರಿಗೆ ಏನೇನು ಬೇಕು?

ಬೆಂಗಳೂರಿನ ಕೆಲವು ಕೆಫೆಗಳಲ್ಲಿ ಕಪಾಟಿನ ತುಂಬ ಬೋರ್ಡ್ ಗೇಮ್ ಜೋಡಿಸಿಡುವುದು ಈಗ ಹೊಸ ವಿಷಯವೇನಲ್ಲ. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಲು ಹೆಣಗುವ ಅಪ್ಪ-ಅಮ್ಮಂದಿರು ಅಟ್ಟದ ಮೇಲಿದ್ದ ಪಗಡೆ ಹಾಸನ್ನು ಕೆಳಗಿಳಿಸುತ್ತಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ‘ಟಾಯ್‌ಕಥಾನ್’ ಎಂಬ ಸ್ಪರ್ಧೆ ನಡೆಸಿ, ನಮ್ಮ ನೆಲದ ಕಥೆ-ಪರಂಪರೆಯಿಂದ ಆಟ, ಆಟಿಕೆ ಹುಟ್ಟಿಸಿ ಎಂದು ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಕರೆದಿತ್ತು. ಹೀಗಾಗಿ ‘ನನ್ನ ತಲೆಯಲ್ಲೂ ಒಂದು ಆಟ ಇದೆ, ಮುಂದೇನು ಮಾಡಲಿ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಹೀಗೆ ಕೇಳುವವರಲ್ಲಿ ಹಲವರು ಮೊದಲು ಹುಡುಕುವುದು ಚಿತ್ರ ಬರೆದುಕೊಡುವವರನ್ನು. ಅದು ಕೊನೆಯಲ್ಲಿ ಮಾಡುವ ಕೆಲಸ. ಆಟ ಕಟ್ಟುವವರು ಬಳಸುವ ಪ್ರತಿ ಸಾಧನವೂ, ಅದು ಪೆನ್ಸಿಲ್ ಇರಲಿ, ದುಬಾರಿ ಸಾಫ್ಟ್‌ವೇರ್ ಇರಲಿ, ಒಂದು ಪ್ರಶ್ನೆಗೆ ಉತ್ತರ ಹುಡುಕಲು ಇರುವಂಥದ್ದು. ಅಗ್ಗದ ಸಾಧನದಿಂದಲೇ ಆ ಉತ್ತರ ಸಿಗುತ್ತಿದ್ದರೆ ದುಬಾರಿಯದ್ದಕ್ಕೆ ಕೈ ಹಾಕಬೇಕಿಲ್ಲ. ಯಾವ ಹಂತದಲ್ಲಿ ಯಾವ ಪ್ರಶ್ನೆ ಏಳುತ್ತದೆ, ಅದಕ್ಕೆ ಯಾವ ಸಾಧನ ಸಾಕು ಎಂಬುದನ್ನು ಮನೆಮನೆಯಲ್ಲಿ ಆಡುವ ಚೌಕಾಬಾರವನ್ನೇ ಬಿಚ್ಚಿ ನೋಡುತ್ತ ತಿಳಿಯೋಣ.

ಆಟದೊಳಗೆ ಏನಿರುತ್ತದೆ?

ಚೌಕಾಬಾರಕ್ಕೆ ಬೇಕಾದದ್ದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದು ಸಾಲು, ಐದು ಅಡ್ಡಸಾಲಿನ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಿ ನಡುಮನೆ ಮುಟ್ಟಿದರೆ ಕಾಯಿ ಹಣ್ಣಾದಂತೆ. ದಾರಿಯಲ್ಲಿ ಎದುರಾಳಿ ಕಡಿದರೆ ಮತ್ತೆ ಮೊದಲಿನಿಂದ. ಗುರುತು ಹಾಕಿದ ಕಟ್ಟೆಗಳಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಊರಿಂದ ಊರಿಗೆ ನಿಯಮ ಕೊಂಚ ಬದಲಾಗುತ್ತದೆ. ಒಬ್ಬರ ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ ಎಂಬುದು ಬಹಳ ಕಡೆ ಇದೆ.

ಇದಿಷ್ಟೂ ನಿಯಮ. ಆದರೆ ಆಡುವವರು ಅನುಭವಿಸುವುದು ನಿಯಮವನ್ನಲ್ಲ. ಕಟ್ಟೆ ಬಿಟ್ಟು ಹೊರಡಲು ಹೆದರುತ್ತಾರೆ, ಅಜ್ಜಿಯ ಕಾಯಿ ಕಡಿಯಲು ಹಿಂದೆಮುಂದೆ ನೋಡಿ ಕೊನೆಗೆ ಕಡಿದೇಬಿಡುತ್ತಾರೆ, ಅಜ್ಜಿ ಮುಂದಿನ ಗರದಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ. ನಿಯಮ, ಅದರಿಂದ ಹುಟ್ಟುವ ನಡವಳಿಕೆ, ಅದರಿಂದ ಮನಸ್ಸಿಗೆ ಸಿಗುವ ಅನುಭವ ಎಂಬ ಈ ಮೂರು ಪದರಗಳನ್ನು ರಾಬಿನ್ ಹ್ಯೂನಿಕಿ, ಮಾರ್ಕ್ ಲಬ್ಲಾಂಕ್, ರಾಬರ್ಟ್ ಝುಬೆಕ್ ಎಂಬ ಮೂವರು 2004ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ‘ಎಂಡಿಎ’ (ಮೆಕ್ಯಾನಿಕ್ಸ್, ಡೈನಮಿಕ್ಸ್, ಏಸ್ತೆಟಿಕ್ಸ್) ಎಂಬ ಹೆಸರಲ್ಲಿ ಇಂದಿಗೂ ಆಟ ವಿನ್ಯಾಸದ ತರಗತಿಗಳಲ್ಲಿ ಅದನ್ನು ಪಾಠ ಮಾಡುತ್ತಾರೆ. ಆಟ ಕಟ್ಟುವವರ ಕೈಯಲ್ಲಿರುವುದು ನಿಯಮ ಮಾತ್ರ, ಆಡುವವರಿಗೆ ಮುಟ್ಟುವುದು ಅನುಭವ ಮಾತ್ರ. ನಡುವಿನ ನಡವಳಿಕೆ ಹೇಗಿರುತ್ತದೆ ಎಂದು ಕೂತಲ್ಲೇ ಊಹಿಸುವುದು ಕಷ್ಟ, ಆಡಿಯೇ ನೋಡಬೇಕು. ಸಾಧನಗಳೆಲ್ಲ ಹುಟ್ಟಿದ್ದು ಈ ಕಷ್ಟಕ್ಕಾಗಿಯೇ.

ಇನ್ನೊಂದು ಪದ ಪದೇಪದೇ ಕಿವಿಗೆ ಬೀಳುತ್ತದೆ: ಮೆಕ್ಯಾನಿಕ್ ಅಥವಾ ಮೆಕ್ಯಾನಿಸಂ. ಬೇರೆ ಬೇರೆ ಆಟಗಳಲ್ಲಿ ಮತ್ತೆ ಮತ್ತೆ ಕಾಣಿಸುವ ನಿಯಮದ ಮಾದರಿಗೆ ಈ ಹೆಸರು. ಗರ ಹಾಕಿ ನಡೆಸುವುದು ಒಂದು ಮೆಕ್ಯಾನಿಕ್, ಹರಾಜು ಕೂಗುವುದು ಇನ್ನೊಂದು, ಕೈಯಲ್ಲಿರುವ ಎಲೆಗಳಲ್ಲಿ (ಕಾರ್ಡ್‌ಗಳಲ್ಲಿ) ಒಂದನ್ನಿಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುವುದು ಮತ್ತೊಂದು. ಇಂಥವನ್ನೆಲ್ಲ ಹೆಕ್ಕಿ ವಿಂಗಡಿಸಿದ ವಿಶ್ವಕೋಶವನ್ನೇ ಜೆಫ್ ಎಂಗಲ್‌ಸ್ಟೈನ್ ಮತ್ತು ಐಸಾಕ್ ಶಲೇವ್ 2019ರಲ್ಲಿ ಹೊರತಂದಿದ್ದಾರೆ. 2000ದಲ್ಲಿ ಶುರುವಾದ ‘ಬೋರ್ಡ್‌ಗೇಮ್‌ಗೀಕ್’ ತಾಣದಲ್ಲೂ ಆಟಗಳನ್ನು ಮೆಕ್ಯಾನಿಕ್‌ಗಳ ಪ್ರಕಾರ ಹುಡುಕಬಹುದು. ನಿಮಗೆ ಹೊಳೆದ ಆಟವನ್ನು ಹೋಲುವ ಹತ್ತು ಆಟಗಳ ನಿಯಮ ಪುಸ್ತಕವನ್ನು ಅಲ್ಲಿ ಓದಿ ಮುಗಿಸಿದರೆ ಅರ್ಧ ಕೋರ್ಸ್ ಮುಗಿಸಿದಂತೆ, ಅದೂ ಪುಕ್ಕಟೆ.

ಹಳೆಯ ಆಟಗಳು ಎಲ್ಲಿ ಸಿಗುತ್ತವೆ?

ಕನ್ನಡನಾಡಿನಲ್ಲಿ ಈ ಬೇಟೆಗೆ ಒಳ್ಳೆಯ ಕಾಡೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಆಟ ಕಟ್ಟುವವರಾಗಿದ್ದರು. ಗಂಜೀಫಾ ಎಂಬ ಹಳೆಯ ಕಾಲದ ಚಿತ್ರದ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ರೂಪಿಸಿದ್ದರು, ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಲ್ಲಿ ಸಾಂಪ್ರದಾಯಿಕ ಹಾಸು, ಮಣೆ, ಕಾಯಿಗಳ ಪ್ರದರ್ಶನ ನಡೆಸುತ್ತ ಬಂದಿದೆ. ಹಂಪಿಯ ಕಲ್ಲುಹಾಸಿನ ಮೇಲೆ ಕೆತ್ತಿದ ಹುಲಿ-ಕುರಿ ಆಟದ ಗೆರೆಗಳನ್ನು ನೋಡಲು ಟಿಕೆಟ್ಟೂ ಬೇಡ, ನೆಲ ನೋಡಿಕೊಂಡು ನಡೆದರಾಯಿತು.

ಹುಲಿ-ಕುರಿಯನ್ನು ಹೊಸಬರು ಆಡಲೇಬೇಕು. ಒಬ್ಬರಿಗೆ ಬೆರಳೆಣಿಕೆಯ ಹುಲಿ, ಇನ್ನೊಬ್ಬರಿಗೆ ಕುರಿಮಂದೆ. ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಸುತ್ತುಗಟ್ಟಿ ಕದಲದಂತೆ ಮಾಡುತ್ತವೆ. ಇಬ್ಬರಿಗೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. ಈಗಿನ ದುಬಾರಿ ಆಟಗಳು ‘ಅಸಿಮೆಟ್ರಿಕ್’ ಎಂದು ಡಬ್ಬಿಯ ಮೇಲೆ ಹಾಕಿಕೊಂಡು ಮೆರೆಯುವ ಗುಣ ಇದೇ.

ಕಂಪ್ಯೂಟರಿನಲ್ಲೇ ಹಳೆಯ ಆಟಗಳನ್ನು ಆಡಿ ನೋಡಬೇಕೆನ್ನುವವರಿಗೆ ‘ಲೂಡಿ’ ಎಂಬ ಉಚಿತ ತಂತ್ರಾಂಶ ಇದೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದರಲ್ಲಿ ಜಗತ್ತಿನ ಸಾವಿರಕ್ಕೂ ಹೆಚ್ಚು ಆಟಗಳಿವೆ. ಒಂದು ನಿಯಮ ಬದಲಿಸಿ, ಕಂಪ್ಯೂಟರಿಗೂ ಕಂಪ್ಯೂಟರಿಗೂ ಆಟ ಹಚ್ಚಿ ಯಾವ ಕಡೆ ಹೆಚ್ಚು ಗೆಲ್ಲುತ್ತದೆ ಎಂದು ನೋಡಬಹುದು.

ಕಾಗದ, ಪೆನ್ಸಿಲ್, ಹಳೆಯ ಇಸ್ಪೀಟು

ಈಗ ಒಂದು ಹೊಸ ಆಟ ಕಟ್ಟೋಣ. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ನಡೆಯಬೇಕು, ಆಯ್ಕೆ ಇರುವುದು ಯಾವ ಕಾಯಿ ನಡೆಸಬೇಕು ಎನ್ನುವುದರಲ್ಲಷ್ಟೇ. ಕವಡೆ ತೆಗೆದು, ಅದರ ಬದಲು ಸಂಖ್ಯೆ ಬರೆದ ಎಲೆಗಳನ್ನು ಕೈಗೆ ಹಂಚಿದರೆ? ಎಷ್ಟು ನಡೆಯಬೇಕು ಎನ್ನುವುದೂ ಆಡುವವರ ಕೈಗೆ ಬರುತ್ತದೆ. ಹೊಳೆದದ್ದು ಇಷ್ಟು. ಇದು ಆಟವೋ ಅಲ್ಲವೋ ಎನ್ನುವುದು ಮೊದಲ ಪ್ರಶ್ನೆ.

ಇದಕ್ಕೆ ಬೇಕಾದ ಸಾಧನ ಪ್ರೋಟೋಟೈಪ್, ಅಂದರೆ ಆಡಲು ಸಾಲುವಷ್ಟು ಮಾತ್ರ ಇರುವ ಕಚ್ಚಾ ಮಾದರಿ. ಡ್ರಾಯಿಂಗ್ ಶೀಟಿನ ಮೇಲೆ ಪೆನ್ಸಿಲ್ ಗೆರೆ, ಹುಣಸೆ ಬೀಜ, ಬಟನ್, ಲೂಡೋ ಡಬ್ಬಿಯಿಂದ ಎರವಲು ತಂದ ಕಾಯಿ. ಎಲೆಗಳಿಗೆ ಬಹಳ ಜನ ಬಳಸುವ ಉಪಾಯವೊಂದಿದೆ: ಎಲೆಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಸ್ಲೀವ್‌ಗಳ ಒಂದು ಕಟ್ಟು ತಂದು, ಪ್ರತಿಯೊಂದರಲ್ಲೂ ಹಳೆಯ ಇಸ್ಪೀಟು ಎಲೆ ತೂರಿಸಿ, ಅದರ ಮುಂದೆ ಕೈಯಲ್ಲಿ ಬರೆದ ಕಾಗದದ ಚೂರು ಇಡುವುದು. ಎಲೆ ಗಟ್ಟಿಯಾಗಿರುತ್ತದೆ, ಕಲಸಲು ಬರುತ್ತದೆ, ನಿಯಮ ಬದಲಾದಾಗ ಕಾಗದದ ಚೂರೊಂದನ್ನೇ ಬದಲಿಸಿದರೆ ಮುಗಿಯಿತು.

ಮಾದರಿ ಕುರೂಪವಾಗಿದ್ದಷ್ಟೂ ಒಳ್ಳೆಯದು. ಅಂದವಾದ ಎಲೆಯನ್ನು ಹರಿದು ಬಿಸಾಡಲು ಮನಸ್ಸು ಬರುವುದಿಲ್ಲ. ಆಡುವ ಗೆಳೆಯರೂ ‘ಪಾಪ, ಎಷ್ಟು ಕಷ್ಟಪಟ್ಟಿದ್ದಾನೆ’ ಎಂದು ತಪ್ಪು ಹೇಳದೆ ಹೋಗುತ್ತಾರೆ.

ಲೆಕ್ಕ ಮಾಡಲು: ಸ್ಪ್ರೆಡ್‌ಶೀಟ್

ಯಾವ ಸಂಖ್ಯೆಯ ಎಲೆ ಎಷ್ಟಿರಬೇಕು? ಇಲ್ಲಿ ಗಣಿತ ಬೇಕು, ಹೈಸ್ಕೂಲಿನಷ್ಟು ಸಾಕು.

ಕವಡೆಯನ್ನೇ ನೋಡಿ. ಒಂದು ಕವಡೆ ಬಾಯಿ ಮೇಲಾಗಿಯೋ ಕೆಳಗಾಗಿಯೋ ಬೀಳುತ್ತದೆ. ಎರಡಕ್ಕೂ ಸಮಾನ ಅವಕಾಶ ಎಂದುಕೊಂಡರೆ, ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಅವುಗಳಲ್ಲಿ ಒಂದೇ ಕವಡೆ ಬಾಯಿ ಮೇಲಾಗುವುದು 4 ರೀತಿ, ಎರಡು ಮೇಲಾಗುವುದು 6, ಮೂರು ಮೇಲಾಗುವುದು 4. ನಾಲ್ಕೂ ಮೇಲಾಗಿ ಚೌಕ ಬೀಳುವುದು ಒಂದೇ ರೀತಿ, ನಾಲ್ಕೂ ಕವುಚಿ ಬಿದ್ದು ಬಾರ, ಅಂದರೆ ಎಂಟು ಆಗುವುದೂ ಒಂದೇ ರೀತಿ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಗರ ಸಿಗುವುದು ಇದಕ್ಕೇ, ಅವು ಅಪರೂಪ. ನಿಜವಾದ ಕವಡೆಗಳು ಇಷ್ಟು ನಿಷ್ಪಕ್ಷಪಾತಿಗಳಲ್ಲ. ಅನುಮಾನವಿದ್ದರೆ ಮನೆಯ ಕವಡೆಯನ್ನು ನೂರು ಸಲ ಎಸೆದು ಎಣಿಸಿ.

ಈ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಅಡಗಿದೆ. ಐದು, ಆರು, ಏಳು ಬೀಳುವುದೇ ಇಲ್ಲ. ಹಾಗಾಗಿ ಎದುರಾಳಿಯ ಕಾಯಿಗಿಂತ ಐದು ಮನೆ ಮುಂದೆ ನಿಂತ ಕಾಯಿಗೆ ಒಂದೇ ಎಸೆತದಲ್ಲಿ ಭಯವಿಲ್ಲ. ಯಾವ ನಿಯಮದಲ್ಲೂ ಹೇಳದ ಈ ಸಂಗತಿ ನುರಿತವರ ಕೈಗೆ ಗೊತ್ತಿರುತ್ತದೆ. ಮೊದಲು ಹೇಳಿದ ‘ನಡವಳಿಕೆ’ಯ ಪದರ ಹುಟ್ಟುವುದು ಹೀಗೆ.

ಆಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕೂ ಇದೇ ಲೆಕ್ಕ. ಒಂದು ಎಸೆತದ ಸರಾಸರಿ ಎರಡೂವರೆ ಮನೆ. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ಅಂದರೆ ಒಬ್ಬರಿಗೆ ಸುಮಾರು 38 ಎಸೆತ, ನಾಲ್ವರಿಗೆ 150ರ ಹತ್ತಿರ. ಎಸೆತಕ್ಕೆ 15 ಸೆಕೆಂಡ್ ಹಿಡಿದರೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಕಡಿಸಿಕೊಂಡು ಹಿಂದೆ ಹೋದದ್ದನ್ನೆಲ್ಲ ಸೇರಿಸಿದರೆ ಇನ್ನೂ ಹೆಚ್ಚು. ನಿಮ್ಮ ಆಟ ಅರ್ಧ ಗಂಟೆಯಲ್ಲಿ ಮುಗಿಯಬೇಕೆಂದಿದ್ದರೆ ಕಾಯಿ ಮೂರಕ್ಕಿಳಿಸಬೇಕು ಎಂದು ಒಂದು ಎಲೆಯನ್ನೂ ಕತ್ತರಿಸುವ ಮೊದಲೇ ಗೊತ್ತಾಗುತ್ತದೆ.

ನಮ್ಮ ಎಲೆಯಾಟಕ್ಕೆ ಇದೇ ಅನುಪಾತ ಹಾಕೋಣ. 16 ರೀತಿಯನ್ನು ಮೂರರಿಂದ ಗುಣಿಸಿದರೆ 48 ಎಲೆ: ಒಂದು 12, ಎರಡು 18, ಮೂರು 12, ನಾಲ್ಕು 3, ಎಂಟು 3. ಜೊತೆಗೆ ಆರು ‘ಕಟ್ಟೆ’ ಎಲೆ, ಅದನ್ನಿಟ್ಟ ಕಾಯಿಯನ್ನು ಒಂದು ಸುತ್ತು ಯಾರೂ ಕಡಿಯುವಂತಿಲ್ಲ. ಒಟ್ಟು 54. ಆದರೆ ಎಲೆಗೂ ಕವಡೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ, ಎಂಟು ಬಿದ್ದ ಮೇಲೂ ಎಂಟು ಬೀಳಬಹುದು. ಎಲೆಯ ಕಟ್ಟಿನಲ್ಲಿ ಮೂರು ಎಂಟೂ ಹೊರಬಿದ್ದರೆ, ಮತ್ತೆ ಕಲಸುವವರೆಗೆ ಇನ್ನೊಂದು ಎಂಟಿಲ್ಲ. ಲೆಕ್ಕ ಇಟ್ಟುಕೊಳ್ಳುವವರಿಗೆ ಅನುಕೂಲವಾಗುವ ಆಟ ಇದು. ಅದು ಬೇಕೋ ಬೇಡವೋ ಎಂಬುದು ನೀವು ತೀರ್ಮಾನಿಸಬೇಕಾದದ್ದು.

ಕೈಗೆ ಮೂರು ಎಲೆ ಹಂಚಬೇಕೋ ಐದೋ? ಮೂರು ಹಂಚಿದರೆ ಕಟ್ಟೆ ಎಲೆ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 30, ಐದು ಹಂಚಿದರೆ 46. ಇಂಥ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್, ಅಂದರೆ ಸಾಲು-ಕಂಬಗಳಲ್ಲಿ ಲೆಕ್ಕ ಮಾಡುವ ತಂತ್ರಾಂಶ, ಸಾಕು. ಗೂಗಲ್ ಶೀಟ್ಸ್‌ನಲ್ಲಾಗಲಿ, ಉಚಿತವಾದ ಲಿಬ್ರೆ ಆಫೀಸ್‌ನಲ್ಲಾಗಲಿ ಹೈಪರ್‌ಜಿಯೋಮೆಟ್ರಿಕ್ ಎಂಬ ಸಿದ್ಧ ಸೂತ್ರ ಇದೆ, ಸಂಖ್ಯೆ ತುಂಬಿದರೆ ಉತ್ತರ ಬರುತ್ತದೆ. ದಾಳಗಳಿಗೆ ‘ಎನಿಡೈಸ್’ ಎಂಬ ತಾಣ ಇದೆ, ಯಾವ ಮೊತ್ತ ಎಷ್ಟು ಸಲ ಬೀಳುತ್ತದೆ ಎಂದು ಪಟ್ಟಿ ಹಾಕಿ ತೋರಿಸುತ್ತದೆ. ಕ್ಲೌಸ್ ಟ್ಯೂಬರ್ 1995ರಲ್ಲಿ ಹೊರತಂದ ‘ಕಟಾನ್’ ಆಟದಲ್ಲಿ ಈ ಲೆಕ್ಕವನ್ನು ಆಡುವವರ ಕಣ್ಣೆದುರೇ ಇಟ್ಟಿದ್ದಾರೆ. ಸಂಖ್ಯೆಯ ಬಿಲ್ಲೆಗಳ ಮೇಲಿರುವ ಚುಕ್ಕಿಗಳು ಎರಡು ದಾಳದಲ್ಲಿ ಆ ಮೊತ್ತ 36ಕ್ಕೆ ಎಷ್ಟು ಸಲ ಬೀಳುತ್ತದೆ ಎಂಬುದರ ಗುರುತು.

ಸ್ಪ್ರೆಡ್‌ಶೀಟ್‌ನ ಇನ್ನೊಂದು ಕೆಲಸ ದಾಖಲೆ. ಒಂದು ಎಲೆಗೆ ಒಂದು ಸಾಲು: ಹೆಸರು, ಸಂಖ್ಯೆ, ಎಷ್ಟು ಪ್ರತಿ, ಮೇಲೆ ಬರೆಯುವ ಮಾತು. ಎಲಿಜಬೆತ್ ಹಾರ್ಗ್ರೇವ್ ಅವರ ‘ವಿಂಗ್‌ಸ್ಪ್ಯಾನ್’ (2019) ಆಟದಲ್ಲಿ 170 ಹಕ್ಕಿಗಳ ಎಲೆಗಳಿವೆ. ರೆಕ್ಕೆಯ ಅಗಲ, ಆಹಾರ, ನೆಲೆ ಎಂದು ಹಕ್ಕಿಗಳ ನಿಜವಾದ ಮಾಹಿತಿಯನ್ನು ದೊಡ್ಡ ಶೀಟಿನಲ್ಲಿ ತುಂಬಿಯೇ ಅವರು ಆಟ ಕಟ್ಟಿದ್ದು.

ಎಲೆ ಮುದ್ರಿಸುವ ಹೊತ್ತು

ಹತ್ತಾರು ಸಲ ಆಡಿ, ನಿಯಮ ಒಂದು ಹದಕ್ಕೆ ಬಂದ ಮೇಲೆ ಕೈಬರಹದ ಎಲೆ ಸಾಲದು. ಬೇರೆಯವರಿಗೆ ಓದಲು ಆಗಬೇಕು. ಇಸ್ಪೀಟಿನ ಪೋಕರ್ ಅಳತೆ 63 × 88 ಮಿಲಿಮೀಟರ್. ಎ4 ಹಾಳೆಯಲ್ಲಿ ಸರಿಯಾಗಿ ಒಂಬತ್ತು ಹಿಡಿಯುತ್ತವೆ, ನಮ್ಮ 54 ಎಲೆಗೆ ಆರೇ ಹಾಳೆ.

ಇಲ್ಲಿ ಬಳಕೆಗೆ ಬರುವ ಮುಖ್ಯ ತಂತ್ರಾಂಶಗಳು ಉಚಿತವೇ. ಗೆರೆ, ಆಕಾರ, ಅಕ್ಷರ ಜೋಡಿಸಲು ಇಂಕ್‌ಸ್ಕೇಪ್. ಫೋಟೋ ತಿದ್ದಲು ಗಿಂಪ್. ನಿಯಮ ಪುಸ್ತಕದ ಪುಟ ಕಟ್ಟಲು ಸ್ಕ್ರೈಬಸ್. ಎಲೆಗಳನ್ನು ಒಂದೊಂದಾಗಿ ಮಾಡುವ ಬದಲು ಸ್ಪ್ರೆಡ್‌ಶೀಟನ್ನೇ ಓದಿ, ಸಾಲಿಗೊಂದು ಎಲೆ ತಯಾರಿಸಿಕೊಡುವ ‘ನ್ಯಾನ್‌ಡೆಕ್’ ವಿಂಡೋಸ್‌ಗೆ ಇದೆ. ಶೀಟಿನಲ್ಲಿ ಒಂದು ಸಂಖ್ಯೆ ಬದಲಿಸಿದರೆ ಎಲೆಗಳೂ ಬದಲಾಗುತ್ತವೆ. ಚಿಹ್ನೆಗಳಿಗೆ ‘ಗೇಮ್ ಐಕಾನ್ಸ್’ ತಾಣದಲ್ಲಿ ಸಾವಿರಾರು ಚಿತ್ರಗಳಿವೆ, ಬರೆದವರ ಹೆಸರು ಹಾಕಿದರೆ ಮಾರಾಟದ ಆಟದಲ್ಲೂ ಬಳಸಬಹುದು. ಬಣ್ಣವೊಂದನ್ನೇ ನಂಬಿ ಎಲೆಗಳನ್ನು ಬೇರ್ಪಡಿಸಬೇಡಿ. ಕೆಂಪು-ಹಸಿರು ವ್ಯತ್ಯಾಸ ಕಾಣದವರೂ ಆಡಲು ಕೂರುತ್ತಾರೆ, ಬಣ್ಣದ ಜೊತೆ ಆಕಾರವೂ ಬೇರೆಯಿರಲಿ.

ಕನ್ನಡದಲ್ಲಿ ಆಟ ಮಾಡುವವರಿಗೆ ಎದುರಾಗುವ ಒಂದು ತೊಡಕು ಒತ್ತಕ್ಷರದ್ದು. ಕೆಲವು ತಂತ್ರಾಂಶಗಳಲ್ಲಿ ‘ರಾಷ್ಟ್ರ’ ಬಿಡಿಬಿಡಿಯಾಗಿ ಒಡೆದುಹೋಗುತ್ತದೆ, ‘ಕರ್ನಾಟಕ’ದ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಫೋಟೋಶಾಪ್‌ನಲ್ಲಿ ಪಠ್ಯದ ಸೆಟ್ಟಿಂಗ್ ಅನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಬೇಕಾಗಬಹುದು. ಬೇರೆ ಏನನ್ನೇ ಬಳಸಿ, ಎಲ್ಲ ಎಲೆ ಕಟ್ಟುವ ಮುಂಚೆ ‘ರಾಷ್ಟ್ರ, ಲಕ್ಷ್ಮಿ, ಕರ್ನಾಟಕ, ಸ್ತ್ರೀ’ ಎಂದು ಒಂದೇ ಎಲೆಯಲ್ಲಿ ಬರೆದು, ಪಿಡಿಎಫ್ ಮಾಡಿ, ಮುದ್ರಿಸಿ ನೋಡಿ. ಫಾಂಟ್‌ಗಳಿಗೆ ಕೊರತೆಯಿಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ, ಅಕಾಯ ಕನ್ನಡಕ, ನೋಟೋ ಸಾನ್ಸ್ ಕನ್ನಡ, ಟೀರೋ ಕನ್ನಡ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಒತ್ತು ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಂಗ್ಲಿಷಿನಲ್ಲಿ ಹಿಡಿಸಿದ ಮಾತು ಕನ್ನಡದಲ್ಲಿ ಅದೇ ಅಳತೆಯ ಎಲೆಯಲ್ಲಿ ಹಿಡಿಸದೆ ಹೋಗುವುದು ಇದಕ್ಕೇ.

ಪ್ರೆಸ್‌ಗೆ ಕೊಡುವ ಫೈಲಿನಲ್ಲಿ ಮೂರು ವಿಷಯ ನೋಡಿಕೊಳ್ಳಿ: ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಬಣ್ಣ ಸಿಎಂವೈಕೆಯಲ್ಲಿ, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿರಲಿ, ಹಿನ್ನೆಲೆ ಬಣ್ಣ ಎಲೆಯ ಅಂಚಿಗಿಂತ 3 ಮಿಲಿಮೀಟರ್ ಆಚೆಗೂ ಹರಡಿರಲಿ. ಈ ಹೆಚ್ಚುವರಿ ಅಂಚಿಗೆ ‘ಬ್ಲೀಡ್’ ಎನ್ನುತ್ತಾರೆ. ಕತ್ತರಿಸುವ ಬ್ಲೇಡ್ ಕೂದಲೆಳೆ ಅತ್ತಿತ್ತ ಆದರೂ ಬಿಳಿ ಗೆರೆ ಇಣುಕಬಾರದು ಎಂಬ ಮುನ್ನೆಚ್ಚರಿಕೆ. ಎಲೆಗೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಆಸುಪಾಸಿನ ಕಾಗದ ಸಾಕು. ಎಲೆಯ ಹಿಂಬದಿ ಎಲ್ಲವೂ ಒಂದೇ ಥರ ಇಲ್ಲದಿದ್ದರೆ ಎರಡನೇ ಆಟದಲ್ಲೇ ಮಕ್ಕಳು ಎಂಟರ ಎಲೆಯನ್ನು ಬೆನ್ನು ನೋಡಿ ಗುರುತಿಸುತ್ತಾರೆ.

ಆಡಿಸಿ ನೋಡುವುದು

ಪ್ಲೇಟೆಸ್ಟ್ ಎಂದರೆ ಆಟವನ್ನು ಪರೀಕ್ಷೆಗಾಗಿ ಆಡಿಸುವುದು. ಮೊದಲು ಒಬ್ಬರೇ ಕೂತು ನಾಲ್ವರ ಪಾಳಿಯನ್ನೂ ಆಡಬೇಕು, ಆಮೇಲೆ ಮನೆಯವರ ಜೊತೆ, ಆಮೇಲೆ ಪರಿಚಯವಿಲ್ಲದವರ ಜೊತೆ. ಕೊನೆಯದು ‘ಬ್ಲೈಂಡ್ ಟೆಸ್ಟ್’. ಡಬ್ಬಿ, ನಿಯಮ ಪುಸ್ತಕ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ದೂರ ಕೂರುವುದು. ಎಲ್ಲಕ್ಕಿಂತ ಕಷ್ಟದ್ದು ಇದೇ. ತಪ್ಪಾಗಿ ಆಡುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಹೇಳುವಂತಿಲ್ಲ, ಏಕೆಂದರೆ ಅಂಗಡಿಯಲ್ಲಿ ಕೊಂಡವರ ಮನೆಗೆಲ್ಲ ನೀವು ಹೋಗುವುದಿಲ್ಲ.

‘ಚೆನ್ನಾಗಿತ್ತಾ?’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಕೇಳುವ ಬದಲು ನೋಡಿ ಬರೆದುಕೊಳ್ಳಿ: ಯಾವಾಗ ಫೋನ್ ತೆಗೆದರು, ಯಾವ ನಿಯಮವನ್ನು ಎರಡು ಸಲ ಕೇಳಿದರು, ಗೆದ್ದವರು ಯಾವ ಎಲೆಯಿಂದ ಗೆದ್ದರು, ಎಷ್ಟು ನಿಮಿಷ ಹಿಡಿಯಿತು. ನಮ್ಮ ಎಲೆಯಾಟವನ್ನು ಆಡಿಸಿದರೆ ಮೊದಲು ಕಾಣುವುದು ನಿಧಾನ. ಕವಡೆ ಎಸೆದು ನಡೆಯುತ್ತಿದ್ದವರು ಈಗ ಐದು ಎಲೆ ಹಿಡಿದು, ನಾಲ್ಕು ಕಾಯಿ ನೋಡಿ, ಇಪ್ಪತ್ತು ಸಾಧ್ಯತೆ ತೂಗುತ್ತಾರೆ. ಹಾಗಾದರೆ ಕೈಯಲ್ಲಿ ಮೂರೇ ಎಲೆ ಇಡಬೇಕೇ? ಎಂಟರ ಎಲೆಯನ್ನು ಎಲ್ಲರೂ ಕೊನೆಯವರೆಗೆ ಬಚ್ಚಿಟ್ಟುಕೊಳ್ಳುತ್ತಿದ್ದಾರೆಯೇ? ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ನಿಯಮ ಪುಸ್ತಕದ ಪರೀಕ್ಷೆಯೂ ಇಲ್ಲೇ ಆಗುತ್ತದೆ. ‘ಕಾಯಿ ಕಡಿದರೆ ಇನ್ನೊಂದು ಸಲ ಆಡಬಹುದು’ ಎಂದು ಬರೆದಿರುತ್ತೀರಿ. ಆಡಲೇಬೇಕೋ, ಬಿಡಬಹುದೋ? ಹೊಸ ಎಲೆ ಎಳೆದು ಆಡುವುದೋ, ಕೈಯಲ್ಲಿರುವುದನ್ನೇ ಆಡುವುದೋ? ಕೈ ಖಾಲಿಯಿದ್ದರೆ? ಒಂದೇ ವಾಕ್ಯದ ಮೇಲೆ ಮೂರು ಜಗಳ. ಗುರಿ, ಡಬ್ಬಿಯಲ್ಲಿ ಏನೇನಿದೆ, ಜೋಡಿಸುವುದು ಹೇಗೆ, ಒಂದು ಪಾಳಿಯಲ್ಲಿ ಏನು ಮಾಡಬೇಕು, ಆಟ ಯಾವಾಗ ಮುಗಿಯುತ್ತದೆ ಎಂಬ ಕ್ರಮದಲ್ಲಿ ಬರೆದು, ಪ್ರತಿ ನಿಯಮಕ್ಕೂ ಒಂದು ಉದಾಹರಣೆ ಕೊಟ್ಟರೆ ಜಗಳ ಕಡಿಮೆಯಾಗುತ್ತದೆ.

ಹತ್ತಿರದಲ್ಲಿ ಆಡುವವರು ಸಿಗದಿದ್ದರೆ ಆನ್‌ಲೈನ್ ಮೇಜುಗಳಿವೆ. ‘ಟೇಬಲ್‌ಟಾಪ್ ಸಿಮ್ಯುಲೇಟರ್’ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ತಾಣದಲ್ಲಿ ದುಡ್ಡು ಕೊಟ್ಟು ಕೊಳ್ಳುವಂಥದ್ದು, ‘ಟೇಬಲ್‌ಟೋಪಿಯಾ’, ‘ಸ್ಕ್ರೀನ್‌ಟಾಪ್’ ಬ್ರೌಸರಿನಲ್ಲೇ ನಡೆಯುತ್ತವೆ. ಎಲೆಗಳ ಚಿತ್ರ ಏರಿಸಿದರೆ ಧಾರವಾಡದಲ್ಲಿ ಕೂತವರೂ ಡಲ್ಲಾಸ್‌ನಲ್ಲಿ ಕೂತವರೂ ಒಂದೇ ಹಾಸಿನಲ್ಲಿ ಆಡಬಹುದು. ಅಲ್ಲಿ ಸಮಯದ ಲೆಕ್ಕ ಮಾತ್ರ ನಂಬಬೇಡಿ, ಮೌಸ್‌ನಲ್ಲಿ ಎಲೆ ಕಲಸುವುದಕ್ಕೂ ಕೈಯಲ್ಲಿ ಕಲಸುವುದಕ್ಕೂ ಸಂಬಂಧವಿಲ್ಲ.

ಯಾರಾದರೂ ಕದ್ದರೆ?

ಹೊಸಬರನ್ನು ಬಹಳ ಕಾಡುವ ಭಯ ಇದು. ಭಾರತದ ಪೇಟೆಂಟ್ ಕಾಯ್ದೆ, 1970ರ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನ ‘ಆವಿಷ್ಕಾರ’ವಲ್ಲ, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಬೇರೆ ದೇಶಗಳಲ್ಲಿ ಬೇರೆ ಚರಿತ್ರೆ ಇದೆ. ಅಮೆರಿಕದ ಲಿಝಿ ಮ್ಯಾಗಿ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ಗೆ 1904ರಲ್ಲಿ ಪೇಟೆಂಟ್ ಪಡೆದಿದ್ದರು. ಅದರಿಂದಲೇ ಬೆಳೆದ ಮೊನೊಪಲಿ ಹೆಸರು ಮಾಡಿದಾಗ, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅವರ ಹಕ್ಕನ್ನು 500 ಡಾಲರಿಗೆ ಕೊಂಡುಕೊಂಡಿತು.

ಹಾಗಾದರೆ ನಿಮ್ಮದು ಎನ್ನುವುದು ಯಾವುದು? ಸಾರು ಮಾಡುವ ಕ್ರಮ ಯಾರೊಬ್ಬರ ಸ್ವತ್ತೂ ಅಲ್ಲ, ಆದರೆ ಅದನ್ನು ವಿವರಿಸಿ ನೀವು ಬರೆದ ಅಡುಗೆ ಪುಸ್ತಕ ನಿಮ್ಮದು. ಆಟದಲ್ಲೂ ಹಾಗೆಯೇ. ನಿಯಮ ಪುಸ್ತಕದ ಬರಹ, ಎಲೆಗಳ ಚಿತ್ರ, ಹಾಸಿನ ವಿನ್ಯಾಸಕ್ಕೆ ಕಾಪಿರೈಟ್ ಇದೆ. ಬರೆದ ಕ್ಷಣದಿಂದಲೇ ಅದು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ, ಬರೆದವರ ಕಾಲಾನಂತರ 60 ವರ್ಷ ಉಳಿಯುತ್ತದೆ. ಚಿತ್ರ ಬೇರೆಯವರಿಂದ ಬರೆಸಿದ್ದರೆ ಹಕ್ಕು ಯಾರದ್ದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಆಟದ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬಹುದು, ಆಟ-ಆಟಿಕೆಗಳು ಬರುವುದು 28ನೇ ವರ್ಗದಲ್ಲಿ.

ಕಳ್ಳತನದ ಭಯಕ್ಕೆ ಆಟವನ್ನು ಯಾರಿಗೂ ತೋರಿಸದವರೂ ಇದ್ದಾರೆ. ತೋರಿಸದ ಆಟ ಆಡಿಸದ ಆಟ. ಅದು ಹಣ್ಣಾಗುವುದಿಲ್ಲ.

ಪ್ರಕಾಶಕರೋ, ಸ್ವಂತ ಮುದ್ರಣವೋ?

ಇಲ್ಲಿಂದ ದಾರಿ ಎರಡಾಗುತ್ತದೆ. ಪ್ರಕಾಶಕರಿಗೆ ಕೊಡುವುದಾದರೆ ‘ಸೆಲ್ ಶೀಟ್’ ಬೇಕು. ಎಷ್ಟು ಜನ, ಎಷ್ಟು ಹೊತ್ತು, ಯಾವ ವಯಸ್ಸು, ಆಟದ ವಿಶೇಷವೇನು ಎಂಬುದನ್ನು ಮಾದರಿಯ ಫೋಟೋದ ಜೊತೆ ಒಂದೇ ಪುಟದಲ್ಲಿ ಹೇಳುವ ಹಾಳೆ ಅದು. ಚಿತ್ರ, ಮುದ್ರಣ, ಮಾರಾಟ ಅವರ ಹೊಣೆ. ನಿಮಗೆ ಸಿಗುವುದು ರಾಯಧನ, ಸಾಮಾನ್ಯವಾಗಿ ಸಗಟು ಬೆಲೆಯ ಶೇಕಡಾ 5ರಿಂದ 8ರ ಆಸುಪಾಸು. ಅಂಗಡಿಯಲ್ಲಿ ₹1,000ಕ್ಕೆ ಮಾರುವ ಆಟದ ಸಗಟು ಬೆಲೆ ₹500 ಆದರೆ, ಶೇಕಡಾ 6ರಂತೆ ಡಬ್ಬಿಗೆ ₹30.

ಸ್ವಂತವಾಗಿ ತರುವವರು ಮುಂಗಡ ಹಣಕ್ಕೆ ಕಿಕ್‌ಸ್ಟಾರ್ಟರ್, ಗೇಮ್‌ಫೌಂಡ್‌ನಂಥ ತಾಣಗಳತ್ತ ನೋಡುತ್ತಾರೆ. ಆಟ ಬೇಕೆನ್ನುವವರು ಮೊದಲೇ ದುಡ್ಡು ಕೊಡುತ್ತಾರೆ, ಆ ದುಡ್ಡಿನಲ್ಲಿ ಮುದ್ರಣ. ಮುಂಬೈನ ಮೀಮೆಸಿಸ್ ಕಲ್ಚರ್ ಲ್ಯಾಬ್‌ನ ರಾಜಕೀಯದ ಆಟ ‘ಶಾಸನ್’ 2019ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕವೇ ಜಗತ್ತಿನ ಮುಂದೆ ಬಂತು. ಆದರೆ ಯೋಜನೆ ತೆರೆಯಲು ಯಾವ ದೇಶದವರಿಗೆ ಅನುಮತಿ ಇದೆ ಎಂಬ ಪಟ್ಟಿಯನ್ನು ನೋಡಿಕೊಂಡೇ ಹೊರಡಬೇಕು. ಐದೋ ಹತ್ತೋ ಪ್ರತಿ ಸಾಕೆನ್ನುವವರಿಗೆ ಅಮೆರಿಕದ ‘ದಿ ಗೇಮ್ ಕ್ರಾಫ್ಟರ್’ ಬೇಡಿಕೆಗೆ ತಕ್ಕಂತೆ ಒಂದೊಂದೇ ಪ್ರತಿ ಮುದ್ರಿಸುತ್ತದೆ. ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಸೇರಿ ದುಬಾರಿಯಾಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಅನುಕೂಲ.

ಇಲ್ಲಿಯೇ ಮಾಡಿಸುವವರಿಗೆ ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಲಗ್ನಪತ್ರಿಕೆಯ ಅಂಗಡಿಗಳ ಸುತ್ತಮುತ್ತ ಕಾಗದ, ಡೈ ಕಟಿಂಗ್ (ಅಚ್ಚು ಒತ್ತಿ ಕತ್ತರಿಸುವುದು), ಡಬ್ಬಿ ಕೆಲಸ ಗೊತ್ತಿರುವವರು ಸಿಗುತ್ತಾರೆ. ದೊಡ್ಡ ಸಂಖ್ಯೆಯ ಮುದ್ರಣಕ್ಕೆ ತಮಿಳುನಾಡಿನ ಶಿವಕಾಶಿ ಇದೆ. ಮರದ ಕಾಯಿಗಳಿಗೆ ಚನ್ನಪಟ್ಟಣವನ್ನು ಬಿಟ್ಟು ಬೇರೆಡೆ ಹುಡುಕುವುದೇಕೆ? ಹಾಲೆ ಮರದ ತುಂಡನ್ನು ಲೇತ್‌ನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಹೊಳಪು ಕೊಡುವ ಕುಶಲಕರ್ಮಿಗಳು ಅಲ್ಲಿದ್ದಾರೆ.

ಆಟ ಮಕ್ಕಳಿಗಾದರೆ ಇನ್ನೊಂದು ಕಟ್ಟುಪಾಡು. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ಆಟಿಕೆಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿ, ಐಎಸ್‌ಐ ಗುರುತು ಬೇಕು. ಡಬ್ಬಿಯ ಮೇಲೆ ಯಾವ ವಯಸ್ಸು ಹಾಕುತ್ತೀರಿ ಎಂಬುದನ್ನು ಚಿತ್ರ ಬರೆಸುವ ಮೊದಲೇ ತೀರ್ಮಾನಿಸಿ. ಮಕ್ಕಳ ಚಿತ್ರ, ಮಕ್ಕಳ ಕಥೆ ಇಟ್ಟು ಮೂಲೆಯಲ್ಲಿ ‘14+’ ಎಂದು ಹಾಕಿದ ಮಾತ್ರಕ್ಕೆ ಆದೇಶದಿಂದ ತಪ್ಪಿಸಿಕೊಂಡಂತಲ್ಲ.

ಬೆಲೆ ಹಾಕುವಾಗ, ಒಂದು ಪ್ರತಿ ತಯಾರಾಗಿ ಮನೆ ಸೇರಲು ತಗಲುವ ಖರ್ಚಿನ ಐದು ಪಟ್ಟನ್ನು ಅಂಗಡಿ ಬೆಲೆಯಾಗಿ ಇಡಬೇಕೆಂಬುದು ಈ ಕಸುಬಿನವರ ಅಂದಾಜು ಲೆಕ್ಕ. ಅಂಗಡಿಯವರ ಪಾಲು, ವಿತರಕರ ಪಾಲು, ಹಾಳಾದ ಪ್ರತಿ ಎಲ್ಲ ಅದರಲ್ಲೇ ಹೊರಡಬೇಕು. ಹೊಸಬರು ಮರೆಯುವುದು ಕೊರಿಯರ್ ಖರ್ಚನ್ನು. ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ‘ತೂಕ’ವನ್ನು ನಿಜವಾದ ತೂಕದ ಜೊತೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುವುದು ವಾಡಿಕೆ. 30 × 30 × 7ರ ಡಬ್ಬಿ ಒಳಗೆ ಗಾಳಿಯೇ ತುಂಬಿದ್ದರೂ ಒಂದೂಕಾಲು ಕಿಲೋ ಲೆಕ್ಕ. ನಮ್ಮ ಉದಾಹರಣೆಯ ಆಟದಲ್ಲಿ 54 ಎಲೆ, 16 ಕಾಯಿ, ಮಡಚುವ ಬಟ್ಟೆಯ ಹಾಸು ಇಷ್ಟೇ ಇರುವುದರಿಂದ 20 × 13 × 4ರ ಡಬ್ಬಿ ಸಾಕಾಗುತ್ತದೆ, ಅದು 210 ಗ್ರಾಂ ಕೂಡ ದಾಟುವುದಿಲ್ಲ. ಕಾಯಿಯ ಮರ ಅದಕ್ಕಿಂತ ಭಾರವಾದರೆ ಆಗ ತಕ್ಕಡಿಯ ತೂಕವೇ ಲೆಕ್ಕಕ್ಕೆ. ಹಾಗಾಗಿ ಪ್ರೆಸ್‌ಗೆ ಆರ್ಡರ್ ಕೊಡುವ ಮುಂಚೆ ಏನೂ ಮುದ್ರಿಸದ ಬಿಳಿ ಡಬ್ಬಿಯೊಂದನ್ನು ಮಾಡಿಸಿ, ಎಲ್ಲವನ್ನೂ ಒಳಗಿಟ್ಟು, ಪಕ್ಕದ ಕೊರಿಯರ್ ಅಂಗಡಿಯಲ್ಲಿ ತೂಗಿಸಿ, ಬೀದರಿಗೆ ಕಳಿಸಲು ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬನ್ನಿ.